ಎಷ್ಟು ಮೀಟರ್?

ಶಾಲೆಯ ಕಸರತ್ತಿನ ಕೋಣೆಯಲ್ಲಿ ಸಭೆ.
ಗೋಡೆಗೆ ಏಣಿ, ಮೂಲೆಯಲ್ಲಿ ಗಾಳಿ ಹೋದ ಚೆಂಡು.
ಅಪ್ಪನಿಗೆ ಕಿವಿ ಕೇಳಿಸದು. ಅವನೆದುರು ಮೋಟು ಸ್ಟೂಲಿನಲ್ಲಿ
ವೇದಿಕೆಗೆ ಬೆನ್ನು ಹಾಕಿ ಕೂತಿದ್ದೇನೆ.
ಕುತಾಯಿಸಿ ಪಟ್ಟಣದಿಂದ ಬಂದ ಜುಂಬೆರ್ ಸಾಹೇಬರ ಮಾತು
ನನ್ನ ಕಿವಿಗೆ ಬಿದ್ದು ಬೆರಳಲ್ಲಿ ಏಳಬೇಕು.

‘ನಾವು ಈ ಅಣೆಕಟ್ಟು ಕಟ್ಟುತ್ತೇವೆ,’ ಅಂದರು.
ಅಲ್ಲೇ ಎಡವಿದೆ.
ಬಾಯಿಗೆ ‘ನಾವು’ ಸಲೀಸು. ಕೈಗೆ ಹಾಗಲ್ಲ:
ಬೆರಳು ಗಾಳಿಯಲ್ಲಿ ಒಂದು ಸುತ್ತು ಬರೆಯಬೇಕು,
ಯಾರು ಒಳಗೆ, ಯಾರು ಹೊರಗೆ
ತೋರಿಸಿಯೇ ಮುಂದೆ ಹೋಗಬೇಕು.
ಅಪ್ಪ ಕಾಯುತ್ತಿದ್ದ. ನಾನು
ವೇದಿಕೆಯ ಮೂರು ಕುರ್ಚಿಗಳನ್ನಷ್ಟೇ ಸುತ್ತಿ ಬಿಟ್ಟೆ.

‘ಇಡೀ ಜಾರ್ಜಿಯಾ ನಮ್ಮತ್ತ ನೋಡುತ್ತಿದೆ.’
ಅಪ್ಪ ಕಿಟಕಿಯ ಕಡೆ ತಿರುಗಿದ. ಒಂದು ಹಂದಿ ಹೋಗುತ್ತಿತ್ತು.

‘ಕೆಲವು ತಪ್ಪುಗಳು ಆಗಿಹೋದವು.’
ಅವನ ಹುಬ್ಬು ಏರಿತು: ಯಾರು ಮಾಡಿದ್ದು?
ಹೇಳಲಿಲ್ಲ, ಅಂದೆ.
‘ಒಂದೋ ಅಣೆಕಟ್ಟು, ಇಲ್ಲವೋ ಕತ್ತಲೆ.’
ಎಡಗೈಯಲ್ಲೊಂದು ಬಲಗೈಯಲ್ಲೊಂದು ಹಿಡಿದು ತೋರಿಸಿದೆ.
ಅವನು ನನ್ನೆರಡು ಕೈಗಳ ನಡುವಿನ
ಖಾಲಿ ಜಾಗವನ್ನೇ ನೋಡುತ್ತಿದ್ದ,
ಅಲ್ಲಿ ಇನ್ನೂ ನಾಲ್ಕಾರು ಸಾಮಾನು ಇಡಬಹುದಲ್ಲ ಎಂಬಂತೆ.

ಲಾಮಾರಾ ಟೀಚರ್ ಎದ್ದು ಗುಡ್ಡದ ಬಿರುಕಿನ ಮಾತೆತ್ತಿದರು.
ಉತ್ತರ ಬಂತು: ‘ಇವರ ಮಗ ಪೋಲೆಂಡಿನಲ್ಲಲ್ಲವೇ?’
ಜನ ನಕ್ಕರು. ಬಿರುಕು ಅಲ್ಲೇ ಉಳಿಯಿತು.
‘ಆಚೆ ಕಣಿವೆಯಲ್ಲಿ ಕಟ್ಟಿದ ವರ್ಷವೇ ದ್ರಾಕ್ಷಿ ದುಪ್ಪಟ್ಟಾಯಿತು.’
ಕಾಗೆ ಕೂತಿತು, ಕೊಂಬೆ ಮುರಿಯಿತು;
ಎರಡಕ್ಕೂ ಬೇರೆ ಬೇರೆ ಸನ್ನೆ ಮಾಡಿದೆ,
ನಡುವೆ ‘ಆದ್ದರಿಂದ’ ಹಾಕಲು ಕೈ ಬರಲಿಲ್ಲ.

ಅಪ್ಪ ದ್ರಾಕ್ಷಾರಸದ ಹರವಿ ಮಾಡುವವನು,
ಆಳು ಇಳಿದು ತೊಳೆಯುವಷ್ಟು ದೊಡ್ಡವು, ನೆಲದಲ್ಲಿ ಹೂಳುವಂಥವು.
ಸುಟ್ಟು ತೆಗೆದ ಮೇಲೆ ಒಂದು ಅಂಗೈ ಅದರ ಹೊಟ್ಟೆಗಾನಿಸಿ
ಇನ್ನೊಂದರ ಗೆಣ್ಣಿನಿಂದ ತಟ್ಟುತ್ತಾನೆ.
ಕಂಪನ ಎಲ್ಲಿ ತಡವರಿಸುವುದೋ ಅಲ್ಲಿ ಸೀಳು.
ಕೊರಳು ಎಷ್ಟೇ ಚಂದವಿರಲಿ, ಆ ಹರವಿ ಹಿತ್ತಿಲಿಗೆ.

ಕೊನೆಗೆ ಅವನೇ ಕೈ ಎತ್ತಿದ.
ಈಗ ನಾನು ಅವನ ಬಾಯಿ.
ಕೇಳಿದ್ದು ಇಷ್ಟೆ: ನೀರು ಎಷ್ಟು ಮೀಟರ್ ಏರುತ್ತದೆ?

ನಾನೇನು ಮಾಡಿದೆ!
‘ನಮ್ಮ ತಾಯಂದಿರ ಗೋರಿ ಮುಳುಗಿಸಿ
ಯಾರ ಮನೆಯ ದೀಪ ಹಚ್ಚುತ್ತೀರಿ?
ನಾವು ಬಗ್ಗುವವರಲ್ಲ, ಬೆದರುವವರಲ್ಲ, ಬಿಟ್ಟುಹೋಗುವವರಲ್ಲ!’
ಬಕಾರಕ್ಕೆ ಬಕಾರ ತಾನಾಗಿ ಬಂದು ಕೂತಿತು,
ಮೂರನೆಯದಕ್ಕೆ ದನಿ ನಡುಗಿಸಿದೆ.
ಬೆಂಚುಗಳು ಗುಡುಗಿದವು. ಯಾರೋ ಅತ್ತರು.
ನನಗೆ ಹಿತವಾಯಿತು, ಸುಳ್ಳೇಕೆ.

ಹಲಗೆಯ ನೆಲದಿಂದ ಆ ಸದ್ದು
ಅಪ್ಪನ ಅಂಗಾಲಿಗೆ ಹತ್ತಿತು.
ಸುತ್ತ ನೋಡಿದ, ನನ್ನನ್ನು ನೋಡಿದ:
ಇಷ್ಟು ಚಪ್ಪಾಳೆಯೇ, ಒಂದು ಅಳತೆಗೆ?
ನೀನೇನು ಹೇಳಿದೆ?

ಹೇಳಿದೆ. ಅವನದೇ ಭಾಷೆಯಲ್ಲಿ, ಒಂದೂ ಬಿಡದೆ.
‘ನಾವು’ ಬಂದಲ್ಲಿ ಅವನು ನನ್ನ ಮಣಿಕಟ್ಟು ಹಿಡಿದ.
ಮೇಲೂರಿನವರು ಇದರೊಳಗೋ, ಹೊರಗೋ?
ಅವರಿಗೆ ಕೆಲಸ ಬೇಕು. ಅವರನ್ನು ಕೇಳಿದೆಯಾ?
ಕೇಳಿರಲಿಲ್ಲ.
ಬೆರಳು ಗಾಳಿಯಲ್ಲಿ ಅರ್ಧ ಸುತ್ತಿಗೆ ನಿಂತಿತ್ತು.

ವೇದಿಕೆಯಿಂದ ಜುಂಬೆರ್ ನನ್ನತ್ತ ನೋಡಿ
ಕಸುಬಿನವರು ಕಸುಬಿನವರನ್ನು ಗುರುತಿಸುವಂತೆ
ತುಸು ತಲೆದೂಗಿದರು.

ಮತ್ತೆ ಎದ್ದೆ. ಚಪ್ಪಾಳೆ ಇಳಿಯಲು ತಡವಾಯಿತು.
‘ನೀರು ಎಷ್ಟು ಮೀಟರ್ ಏರುತ್ತದೆ ಎಂದು
ನನ್ನಪ್ಪ ಗೆರಾಸಿಮೆ ಕೇಳುತ್ತಿದ್ದಾನೆ.’
ಯಾರೂ ಬೆಂಚು ಕುಟ್ಟಲಿಲ್ಲ.
ಮೂರು ಕುರ್ಚಿಗಳಲ್ಲಿ ಕಾಗದ ಸರಿದಾಡಿತು.
ಅಪ್ಪ ನನ್ನ ಕೈಗಳನ್ನೇ ನೋಡುತ್ತ ಕಾದ.
ತೊಡೆಯ ಮೇಲೆ ಅವು, ಇನ್ನೂ ಖಾಲಿ.